ವರ್ಷಕ್ಕೆ ಎಷ್ಟು ಮಾಡ್ತೀರಿ, ಡಾಕ್ಟ್ರೇ?

ಅವ್ವ ಮುದ್ದೆ ಬಿಟ್ಟ ದಿನ ನನಗೆ ಚೆನ್ನಾಗಿ ನೆನಪಿದೆ. ನಾಗಮಂಗಲದ ಕಡೆಯ ಹೆಂಗಸು, ಬುದ್ಧಿ ಬಂದಾಗಿನಿಂದ ದಿನಕ್ಕೊಂದು ಹೊತ್ತಾದರೂ ಮುದ್ದೆ ಉಂಡವಳು. ಆವತ್ತು ಬಸ್ಸಾರು ಮಾಡಿದ್ದೆ. ಬಿಸಿ ಮುದ್ದೆ ಹಾಕಿದ ತಟ್ಟೆಯನ್ನು ಮುಂದಿಟ್ಟರೆ ಅವಳು ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ರಕ್ತದಾಗೆ ಕ್ಯಾಲ್ಸಿಯಂ ಜಾಸ್ತಿ ಐತೆ ಅಂದ್ರಲ್ಲ ಡಾಕ್ಟ್ರು. ಅದು ರಾಗಿಯಾಗೇ ತಾನೆ ಇರೋದು? ಬ್ಯಾಡ ಬುಡವ್ವ, ಎಲ್ಡು ತುತ್ತು ಅನ್ನ ಹಾಕು" ಅಂದಳು. ಆಮೇಲೆ ಹಾಲು ಬಿಟ್ಟಳು, ಮಜ್ಜಿಗೆಯನ್ನೂ ಬಿಟ್ಟಳು. ಮುಂದಿನ ಸಲ ಪರೀಕ್ಷೆ ಮಾಡಿಸಿದಾಗ ಕ್ಯಾಲ್ಸಿಯಂ ಇನ್ನಷ್ಟು ಏರಿತ್ತು. ಅವಳ ರಕ್ತದಲ್ಲಿ ಹೆಚ್ಚಾಗಿ ಓಡಾಡುತ್ತಿದ್ದದ್ದು ರಾಗಿಯ ಸುಣ್ಣವಲ್ಲ, ಅವಳದೇ ಮೂಳೆಯಿಂದ ಕರಗಿ ಬಂದದ್ದು ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಮಾಡಿದಷ್ಟೂ ಅವಳಿಗಿದ್ದ ಕಾಯಿಲೆ ಮೂಳೆಯಿಂದ ಇನ್ನಷ್ಟು ಕೀಳುತ್ತದೆ ಎಂದು ಗೊತ್ತಾದ ಮೇಲೆ, ಆ ಸರಿಸಿಟ್ಟ ತಟ್ಟೆ ನೆನಪಾದಾಗಲೆಲ್ಲ ಹೊಟ್ಟೆ ಕಿವುಚುತ್ತದೆ.

ಆ ರಾತ್ರಿ ಹಳೇ ರಿಪೋರ್ಟುಗಳನ್ನೆಲ್ಲ ಹಾಲಿನ ನೆಲದ ಮೇಲೆ ಹರಡಿಕೊಂಡು ಕೂತೆ. 2017ರಲ್ಲಿ ಕಿಡ್ನಿ ಸ್ಟೋನ್ ಎಂದು ಸೇರಿಸಿದ್ದಾಗ ಕ್ಯಾಲ್ಸಿಯಂ 10.9. ಪಕ್ಕದಲ್ಲಿ, ಮಿತಿ ಮೀರಿದೆ ಎಂದು ತೋರಿಸುವ ಒಂದು ಚಿಕ್ಕ ನಕ್ಷತ್ರದ ಗುರುತು. 2021ರಲ್ಲಿ ಮತ್ತೆ ಕಲ್ಲು, ಆಗ 11.2, ಮತ್ತದೇ ನಕ್ಷತ್ರ. ಎರಡು ಸಲವೂ ಕಲ್ಲು ತೆಗೆದು, ನೀರು ಜಾಸ್ತಿ ಕುಡಿಯಿರಿ, ಟೊಮ್ಯಾಟೊ ಕಡಿಮೆ ಮಾಡಿ ಎಂದು ಹೇಳಿ ಕಳಿಸಿದ್ದರು. 2023ರಲ್ಲಿ ಬಚ್ಚಲಲ್ಲಿ ಜಾರಿದಳು. ಜೋರಾಗಿ ಬಿದ್ದದ್ದೇನೂ ಅಲ್ಲ, ಕೈ ಊರಿದಳು ಅಷ್ಟೆ, ಮಣಿಕಟ್ಟು ಮುರಿಯಿತು. ಕಟ್ಟು ಹಾಕಿದವರು ವಯಸ್ಸಾಯ್ತಲ್ಲ ಎಂದು ಕ್ಯಾಲ್ಸಿಯಂ ಗುಳಿಗೆ ಬರೆದರು, ವಾರಕ್ಕೊಂದರಂತೆ 60,000 ಯುನಿಟ್ಟಿನ ವಿಟಮಿನ್ ಡಿ ಪೊಟ್ಟಣ ಬರೆದರು. ಅವಳ ಸುಸ್ತು, ಮಲಬದ್ಧತೆ, ರಾತ್ರಿ ನಾಲ್ಕೈದು ಸಲ ಏಳುವುದು, ಇಟ್ಟ ಕಡೆ ಮರೆಯುವುದು, ಸುಮ್ಮಸುಮ್ಮನೆ ಕಣ್ಣೀರು ಹಾಕುವುದು ಇವನ್ನೆಲ್ಲ ನಾವು ಒಂದೊಂದಕ್ಕೆ ಒಂದೊಂದು ಕಾರಣ ಕೊಟ್ಟು ಪಕ್ಕಕ್ಕಿಟ್ಟಿದ್ದೆವು. ಏಳು ವರ್ಷ ಉತ್ತರ ಕಾಗದದ ಮೇಲೇ ಇತ್ತು.

ಕೊನೆಗೆ ಜಯನಗರದ ಒಬ್ಬ ಹಾರ್ಮೋನ್ ಡಾಕ್ಟರು ಹಳೇ ಕಾಗದಗಳನ್ನು ಹತ್ತು ನಿಮಿಷ ತಿರುವಿ, ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನ್) ಪರೀಕ್ಷೆ ಬರೆದರು. 65ರ ಒಳಗಿರಬೇಕಾದದ್ದು 186 ಇತ್ತು, ಕ್ಯಾಲ್ಸಿಯಂ 11.6. ಇಡೀ ಒಂದು ದಿನದ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದು ಕೊಡಲು ಹೇಳಿದರು. ವಂಶದಲ್ಲೇ ಕ್ಯಾಲ್ಸಿಯಂ ಸ್ವಲ್ಪ ಏರಿರುವ, ಆಪರೇಷನ್ ಬೇಕಿಲ್ಲದ ಒಂದು ಸ್ಥಿತಿಯೂ ಇದೆಯಂತೆ, ಅದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಸೊಂಟ, ಬೆನ್ನಿನ ಜೊತೆ ಮುಂಗೈಯನ್ನೂ ನೋಡಬೇಕು ಎಂದು ಒತ್ತಿ ಬರೆದುಕೊಟ್ಟರು. ಈ ಕಾಯಿಲೆ ಮೊದಲು ತಿನ್ನುವುದು ಅಲ್ಲಿಯ ಗಟ್ಟಿ ಮೂಳೆಯನ್ನೇ. ಎಲ್ಲ ಮುಗಿದ ಮೇಲೆ ಅವರು ಹೇಳಿದ್ದು ಇಷ್ಟು: "ಇದು ಗುಳಿಗೆಯಲ್ಲಿ ಹೋಗೋದಲ್ಲಮ್ಮ. ಪ್ಯಾರಾಥೈರಾಯ್ಡ್ ಗ್ರಂಥಿ ಒಂದು ಕೆಟ್ಟಿದೆ, ತೆಗೆಸಬೇಕು. ಒಳ್ಳೇ ಸರ್ಜನ್ ನೋಡ್ಕೊಳ್ಳಿ."

ನೋಡಿಕೊಳ್ಳುವುದು ಹೇಗೆ ಎಂಬುದೇ ಈ ಬರಹ.

ಯಾರನ್ನು ಕೇಳುವುದು?

ಬೆಂಗಳೂರಿನಲ್ಲಿ ಡಾಕ್ಟರನ್ನು ಹುಡುಕುವ ದಾರಿ ನಮಗೆಲ್ಲ ಗೊತ್ತಿರುವುದೇ. ಮಂಡಿ ಆಪರೇಷನ್ ಎಂದರೆ ಚಿಕ್ಕಮ್ಮನಿಗೆ ಮಾಡಿದವರಿದ್ದಾರೆ, ಸ್ಟೆಂಟ್ ಎಂದರೆ ಬ್ಯಾಂಕಿನ ಸಹೋದ್ಯೋಗಿಯ ಮಾವನಿಗೆ ಹಾಕಿದವರಿದ್ದಾರೆ, ಕಣ್ಣಿನ ಪೊರೆಗೆ ಬೀದಿಗೊಬ್ಬರು. ಪ್ಯಾರಾಥೈರಾಯ್ಡ್ ಎಂದರೆ ಎಲ್ಲರೂ ಹೇಳಿದ್ದು ಒಂದೇ ಮಾತು: "ಥೈರಾಯ್ಡಾ? ನಂಗೂ ಇದೆ, ಬೆಳಗ್ಗೆ ಎದ್ದು ಒಂದು ಗುಳಿಗೆ ನುಂಗಿದ್ರೆ ಆಯ್ತು." ಹೆಸರಿನಲ್ಲಿ ನಂಟಿದೆ, ಜಾಗವೂ ಅಕ್ಕಪಕ್ಕ, ಕೆಲಸಕ್ಕೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆ ನಾಲ್ಕು ಗ್ರಂಥಿಗಳು, ಒಂದೊಂದೂ ಅಕ್ಕಿಕಾಳಿನಷ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು ಎಂದು ನಿಗಾ ಇಡುವುದೇ ಅವುಗಳ ಕೆಲಸ. ಒಂದು ಕೆಟ್ಟು ಊದಿಕೊಂಡರೆ ಅದಕ್ಕೆ ಸಾಕು ಎನ್ನುವುದೇ ತಿಳಿಯುವುದಿಲ್ಲ. ಮೂಳೆಯಿಂದ ಎಳೆಯುತ್ತಲೇ ಇರುತ್ತದೆ. ನೂರರಲ್ಲಿ 80ರಿಂದ 85 ಜನಕ್ಕೆ ಕೆಟ್ಟಿರುವುದು ಒಂದೇ ಗ್ರಂಥಿ, ಮತ್ತು ಅದು ಬಹುತೇಕ ಕ್ಯಾನ್ಸರ್ ಅಲ್ಲ. ಉಳಿದವರಲ್ಲಿ ಎರಡೋ ನಾಲ್ಕೋ ಕೆಟ್ಟಿರಬಹುದು. ಯಾವುದು ಕೆಟ್ಟಿದೆ, ಎಲ್ಲಿ ಅಡಗಿದೆ ಎಂದು ಹುಡುಕುವುದರಲ್ಲೇ ಈ ಆಪರೇಷನ್ನಿನ ಕಷ್ಟವೆಲ್ಲ ಇರುವುದು.

ಈ ಗ್ರಂಥಿಗಳು ಎಷ್ಟು ಚೆನ್ನಾಗಿ ಅಡಗಿವೆಯೆಂದರೆ, ದೇಹದ ಮುಖ್ಯ ಅಂಗಗಳಲ್ಲಿ ಕಟ್ಟಕಡೆಗೆ ಮನುಷ್ಯನ ಕಣ್ಣಿಗೆ ಬಿದ್ದದ್ದು ಇವೇ. ಮೊದಲು ಕಂಡದ್ದು ಮನುಷ್ಯನಲ್ಲೂ ಅಲ್ಲ, ಘೇಂಡಾಮೃಗದಲ್ಲಿ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಒಂದು ಭಾರತದ ಘೇಂಡಾಮೃಗವನ್ನು ರಿಚರ್ಡ್ ಓವನ್ ಎಂಬ ವಿಜ್ಞಾನಿ ಕೊಯ್ದು ನೋಡುವಾಗ, ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ. ಮನುಷ್ಯನಲ್ಲಿ ಗುರುತಿಸಿದ್ದು 1880ರಲ್ಲಿ, ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರಮ್. ಅಷ್ಟು ದೊಡ್ಡ ಪ್ರಾಣಿಯ ಕುತ್ತಿಗೆಯಲ್ಲೇ ಹುಡುಕಿ ನೋಡಬೇಕಾಗಿತ್ತು ಎಂದರೆ ನಮ್ಮವ್ವನ ಬಡಕಲು ಕುತ್ತಿಗೆಯಲ್ಲಿ ಗತಿಯೇನು ಎಂದು ಅದನ್ನು ಓದಿದಾಗ ಅನ್ನಿಸಿ ದಿಗಿಲಾಗಿತ್ತು.

ಮೊದಲು ಹೋದದ್ದು ಹೆಸರುವಾಸಿಯಾದ ಒಬ್ಬ ಸರ್ಜನ್ ಹತ್ತಿರ. ಆಸ್ಪತ್ರೆಯ ಹೆಸರು ಬೇಡ. ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಫೈಲನ್ನು ಒಂದು ನಿಮಿಷ ನೋಡಿ, "ಮುಂದಿನ ಗುರುವಾರ ಮಾಡೋಣ. ನಾವು ಥೈರಾಯ್ಡ್ ದಿನಾ ಮಾಡ್ತೀವಿ, ಇದೂ ಅಲ್ಲೇ" ಎಂದರು. ನಾನು ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಪ್ರಶ್ನೆ ಕೇಳಿದೆ: "ಪ್ಯಾರಾಥೈರಾಯ್ಡ್ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ, ಡಾಕ್ಟ್ರೇ?" ಅವರ ಮುಖ ಬಿಗಿಯಿತು. ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಮೇಡಂ, ನಂಬಿಕೆ ಇದ್ರೆ ಮಾಡಿಸಿ, ಇಲ್ಲಾಂದ್ರೆ ಬಿಡಿ. ನನ್ನನ್ನ ಯಾರೂ ಇಂಟರ್‌ವ್ಯೂ ಮಾಡಿಲ್ಲ." ಅವ್ವ ತಕ್ಷಣ ಎದ್ದು ನಿಂತು ಅವರಿಗೆ ಕೈ ಮುಗಿದಳು, ನನ್ನ ಪರವಾಗಿ ಕ್ಷಮೆ ಕೇಳುವವಳ ಹಾಗೆ. ಹೊರಗೆ ಬಂದ ಮೇಲೆ ಆಟೊದಲ್ಲಿ ತುಂಬ ಹೊತ್ತು ಮಾತಾಡಲಿಲ್ಲ. ಸೌತ್ ಎಂಡ್ ಸರ್ಕಲ್ ದಾಟಿದ ಮೇಲೆ, "ಓದ್ಕಂಡೋರ್ನ ಹಂಗೆಲ್ಲ ಕೇಳಬಾರ್ದು ಕಣವ್ವ. ಅವರ ಕೈಯಾಗೆ ನನ್ ಕತ್ತೈತೆ" ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಕತ್ತು ಅವರ ಕೈಯಲ್ಲಿದೆ ಎನ್ನುವುದಕ್ಕೇ ಅಲ್ಲವೇ ಕೇಳಬೇಕಾದದ್ದು? ತಮ್ಮನ ಮದುವೆಗೆ ಅಡುಗೆಯವರನ್ನು ಗೊತ್ತು ಮಾಡುವಾಗ ಇದೇ ಅವ್ವ, ಈ ವರ್ಷ ಎಷ್ಟು ಮದುವೆ ಮಾಡಿದ್ದೀರಿ, ಒಂದು ಪಂಕ್ತಿಗೆ ಎಷ್ಟು ಎಲೆ ಹಾಕುತ್ತೀರಿ, ಕೊನೇ ಪಂಕ್ತಿಗೂ ಪಾಯಸ ಸಾಲುತ್ತದೆಯೇ ಎಂದು ಅರ್ಧ ಗಂಟೆ ಕೇಳಿದ್ದಳು. ಆ ಅಡುಗೆಯವರು ಬೇಸರ ಮಾಡಿಕೊಳ್ಳಲಿಲ್ಲ; ಇನ್ನೂ ಹುರುಪಿನಿಂದ ಹೇಳಿದರು. ಡಾಕ್ಟರ ಮುಂದೆ ಬಂದಾಗ ಮಾತ್ರ ನಮ್ಮ ನಾಲಿಗೆ ಕಟ್ಟುತ್ತದೆ. ಪ್ರಶ್ನೆ ಕೇಳಿದರೆ ಗೌರವ ಕಡಿಮೆ ಮಾಡಿದ ಹಾಗೆ ಎಂದು ನಮ್ಮ ಹಿರಿಯರು ನಂಬಿದ್ದಾರೆ, ಎಷ್ಟೋ ಡಾಕ್ಟರೂ ಹಾಗೇ ನಂಬಿದ್ದಾರೆ. ನನಗೆ ಗೌರವ ಇರಲಿಲ್ಲವೆಂದಲ್ಲ. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಎರಡನೆಯವರು ಮೃದುವಾಗಿ ಮಾತಾಡಿದರು, ಸೆಸ್ಟಾಮಿಬಿ ಸ್ಕ್ಯಾನ್ ಮಾಡಿಸಿ ಎಂದರು. ವಿಕಿರಣದ ಔಷಧಿ ಚುಚ್ಚಿ, ಒಮ್ಮೆ ಚಿತ್ರ ತೆಗೆದು, ಎರಡು ಗಂಟೆ ಬಿಟ್ಟು ಮತ್ತೆ ತೆಗೆಯುತ್ತಾರೆ. ಕೆಟ್ಟ ಗ್ರಂಥಿ ಔಷಧಿಯನ್ನು ಹಿಡಿದಿಟ್ಟುಕೊಂಡು ಚುಕ್ಕೆಯಾಗಿ ಕಾಣಬೇಕು. ಅವ್ವನದ್ದರಲ್ಲಿ ಏನೂ ಕಾಣಲಿಲ್ಲ. "ಸ್ಕ್ಯಾನ್ ನಾರ್ಮಲ್ ಇದೆ, ಈಗ ಆಪರೇಷನ್ ಬೇಡ, ಆರು ತಿಂಗಳು ಬಿಟ್ಟು ನೋಡೋಣ" ಎಂದು ಕಳಿಸಿದರು. ಅವ್ವನಿಗೆ ಹೋದ ಜೀವ ಬಂದ ಹಾಗಾಯಿತು. ಗಾಂಧಿ ಬಜಾರಿನಲ್ಲಿ ಇಳಿದು ಹೂವು ಕೊಂಡು, ದೊಡ್ಡ ಗಣೇಶನಿಗೆ ಕೈ ಮುಗಿದು ಬಂದೆವು. ನನಗೂ ಒಂದೆರಡು ದಿನ ಸಮಾಧಾನವಾಗಿತ್ತು, ಸುಳ್ಳು ಹೇಳುವುದಿಲ್ಲ.

ಹನುಮಂತನಗರದ ಡಾಕ್ಟರು

ನಮ್ಮಪ್ಪನ ಗಾಲ್ ಬ್ಲ್ಯಾಡರ್ ತೆಗೆದವರು ಹನುಮಂತನಗರದ ಒಂದು ಸಣ್ಣ ನರ್ಸಿಂಗ್ ಹೋಮಿನ ಹಿರಿಯ ಸರ್ಜನ್. ಈಗ ಎಪ್ಪತ್ತರ ಮೇಲಾಗಿದೆ, ಸಂಜೆ ಹೊತ್ತು ಮಾತ್ರ ಕೂರುತ್ತಾರೆ. ಅವ್ವನಿಗೆ ಅವರೆಂದರೆ ದೇವರು. "ಅವ್ರೇ ಮಾಡ್ಲಿ ಬುಡು, ಅವ್ರ ಕೈಗುಣ ಚೆಂದ" ಎಂದು ಹಟ ಹಿಡಿದಳು. ಮಳೆ ಬಂದು ನಿಂತ ಸಂಜೆ, ಕರೆಂಟು ಹೋಗಿ ಯುಪಿಎಸ್ ಮೇಲೆ ಒಂದೇ ದೀಪ ಉರಿಯುತ್ತಿತ್ತು. ಅವರು ಪ್ರತಿ ಕಾಗದವನ್ನೂ ದೀಪಕ್ಕೆ ಹಿಡಿದು ಓದಿದರು. ನಾನು ಪ್ರಶ್ನೆ ಕೇಳಲಿಲ್ಲ. ಹಿಂದಿನ ಅನುಭವದ ಅಳುಕಿತ್ತು, ಜೊತೆಗೆ ಅಪ್ಪನನ್ನು ಉಳಿಸಿಕೊಟ್ಟವರು. ಅವರೇ ಕನ್ನಡಕ ತೆಗೆದು, ಅವ್ವನನ್ನು ನೋಡಿ ಹೇಳಿದರು:

"ಅಮ್ಮಾ, ನಾನು ಈ ಆಪರೇಷನ್ ಜೀವಮಾನದಲ್ಲಿ ನಾಲ್ಕು ಮಾಡಿದ್ದೀನಿ. ಮೂರು ಸಿಕ್ತು. ಒಂದು ಸಿಗಲಿಲ್ಲ. ಆ ಹೆಂಗಸಿಗೆ ಕತ್ತು ಮುಚ್ಚಿ ಕಳಿಸಿದೆ. ಆಮೇಲೆ ಅವರು ಇನ್ನೊಂದು ಕಡೆ ಹೋಗಿ ಎರಡನೇ ಸಲ ಮಾಡಿಸ್ಕೊಳ್ಳಬೇಕಾಯ್ತು. ಒಂದು ಸಲ ಕೈ ಹಾಕಿದ ಕತ್ತಲ್ಲಿ ಎರಡನೇ ಸಲ ಹುಡುಕೋದು ತುಂಬಾ ಕಷ್ಟ, ಎಲ್ಲ ಅಂಟ್ಕೊಂಡಿರುತ್ತೆ, ಸ್ವರದ ನರ ಅಲ್ಲೇ ಹೋಗುತ್ತೆ. ನಿಮಗೆ ನಾನು ಮಾಡಬಾರದು. ಇದನ್ನೇ ವರ್ಷಪೂರ್ತಿ ಮಾಡೋರ ಹತ್ರ ಹೋಗಿ."

ಸ್ಕ್ಯಾನ್ ನಾರ್ಮಲ್ ಎಂದಿದ್ದಾರಲ್ಲ ಎಂದೆ. ಕಾಯಿಲೆ ಇದೆ ಎಂದು ಹೇಳುವುದು ರಕ್ತದ ಪರೀಕ್ಷೆ, ಸ್ಕ್ಯಾನ್ ಅಲ್ಲ ಎಂದರು. ಕ್ಯಾಲ್ಸಿಯಂ ಏರಿರುವಾಗ ಪಿಟಿಎಚ್ ಇಳಿಯಬೇಕು, ಎರಡೂ ಒಟ್ಟಿಗೆ ಏರಿದ್ದರೆ ಬಹುಮಟ್ಟಿಗೆ ತೀರ್ಮಾನವಾದ ಹಾಗೆ. ಸ್ಕ್ಯಾನ್ ಇರುವುದು ಸರ್ಜನ್ನಿಗೆ ಎಲ್ಲಿ ಮೊದಲು ಕೈ ಹಾಕಬೇಕು ಎಂದು ತಿಳಿಯಲು. ಅದರಲ್ಲಿ ಕಾಣಲಿಲ್ಲ ಎಂದರೆ ಗ್ರಂಥಿ ಇಲ್ಲವೆಂದಲ್ಲ, ಇನ್ನೂ ನುರಿತ ಕೈ ಬೇಕು ಎಂದರ್ಥ. ಅಮೆರಿಕದಲ್ಲಿ ಜಾನ್ ಡಾಪ್‌ಮನ್ ಎಂಬ ರೇಡಿಯಾಲಜಿಸ್ಟ್ ಇದ್ದರಂತೆ. ಸ್ಕ್ಯಾನ್ ಮಾಡುವುದೇ ಕಸುಬಾಗಿದ್ದ ಆ ಮನುಷ್ಯನೇ, ಈ ಕಾಯಿಲೆಯಲ್ಲಿ ಮೊದಲು ಪತ್ತೆ ಹಚ್ಚಬೇಕಾದದ್ದು ಅನುಭವವಿರುವ ಸರ್ಜನ್ನನ್ನು ಎಂಬರ್ಥದ ಮಾತು ಹೇಳಿದ್ದರಂತೆ. ಅದನ್ನು ಹೇಳುವಾಗ ಮಾತ್ರ ಡಾಕ್ಟರ ಮುಖದಲ್ಲಿ ಸಣ್ಣ ನಗು ಬಂತು.

ಆಮೇಲೆ ಔಷಧಿ ಚೀಟಿಯ ಹಿಂಬದಿಯಲ್ಲಿ ಮೂರು ಸಾಲು ಬರೆದುಕೊಟ್ಟರು. ಆ ಚೀಟಿ ಈಗಲೂ ನನ್ನ ಪರ್ಸಿನಲ್ಲಿದೆ. ವರ್ಷಕ್ಕೆ ಎಷ್ಟು ಮಾಡುತ್ತಾರೆ, ಹತ್ತು ಕೂಡ ಇಲ್ಲದಿದ್ದರೆ ಯೋಚಿಸಿ. ಆಪರೇಷನ್ ನಡೆಯುವಾಗಲೇ ಪಿಟಿಎಚ್ ನೋಡುವ ವ್ಯವಸ್ಥೆ ಇದೆಯೇ. ಹುಡುಕಿದ ಕಡೆ ಸಿಗದಿದ್ದರೆ ಮುಂದೇನು ಮಾಡುತ್ತಾರೆ. "ಮೂರನೇದು ಮುಖ್ಯ. ಅದಕ್ಕೆ ಅವರು ಹೇಗೆ ಉತ್ತರ ಕೊಡ್ತಾರೆ ನೋಡು ಮಗಳೇ" ಎಂದರು. ಫೀಸು ಕೊಡಲು ಹೋದರೆ, ನಾನೇನು ಮಾಡಿದೆ ಎಂದು ತೆಗೆದುಕೊಳ್ಳಲಿಲ್ಲ. ಅವ್ವ ಮನೆಯವರೆಗೂ ಅಳುತ್ತಾ ಬಂದಳು. ತನ್ನ ದೇವರೇ ಕೈ ಬಿಟ್ಟಿತು ಎಂದು ಅವಳ ಸಂಕಟ. ಆ ಸಂಜೆ ಅವರು ಕೊಟ್ಟದ್ದು ಎಷ್ಟು ದೊಡ್ಡದು ಎಂದು ನನಗೂ ಪೂರ್ತಿ ಅರ್ಥವಾದದ್ದು ಆಮೇಲೆ.

ಒಬ್ಬ ಸರ್ಜನ್, ತನ್ನನ್ನು ನಂಬಿ ಬಂದವರ ಮುಂದೆ, ನನಗೆ ಬರುವುದಿಲ್ಲ ಎನ್ನುವುದು ಸುಲಭದ ಮಾತಲ್ಲ. ಸಿಗದೇ ಹೋದ ಗ್ರಂಥಿಯ ಕಥೆಗಳು ಈ ಕಾಯಿಲೆಯ ಚರಿತ್ರೆಯಲ್ಲೂ ಇವೆ. ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕ್ಯಾಪ್ಟನ್ ಮೂಳೆ ಕರಗಿ ಕರಗಿ ಅರ್ಧ ಅಡಿಗೂ ಹೆಚ್ಚು ಕುಗ್ಗಿಹೋಗಿದ್ದ. ಅವನಿಗೆ ಆರು ಸಲ ಆಪರೇಷನ್ ಮಾಡಿದರೂ ಕೆಟ್ಟ ಗ್ರಂಥಿ ಸಿಗಲಿಲ್ಲ. ಅವನೇ ವೈದ್ಯ ಗ್ರಂಥಾಲಯದಲ್ಲಿ ಕೂತು ಓದಿ, ಎದೆಯೊಳಗೆ ನೋಡಿ ಎಂದು ಒತ್ತಾಯಿಸಿದನಂತೆ. 1932ರಲ್ಲಿ, ಏಳನೇ ಸಲ, ಅದು ಎದೆಗೂಡಿನೊಳಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಮೂತ್ರದ ಕಲ್ಲಿನ ತೊಂದರೆಯಿಂದ ಅವನು ತೀರಿಕೊಂಡ. ಅವನ ಕುಗ್ಗಿದ ದೇಹದ ವಿವರ ಓದುವಾಗ, ಕುತ್ತಿಗೆ ಮುಂದಕ್ಕೆ ಬಾಗಿಸಿ ನಡೆಯುತ್ತಿದ್ದ ಅವ್ವ, ಎರಡು ಬೆರಳು ಮಡಚಿ ಹೊಲಿಸಿಕೊಂಡ ಅವಳ ಸೀರೆಯ ಅಂಚು ಕಣ್ಣಮುಂದೆ ಬಂತು.

ಸಿಗದಿದ್ದರೆ?

ಎಂಡೋಕ್ರೈನ್ ಸರ್ಜರಿ (ಹಾರ್ಮೋನ್ ಗ್ರಂಥಿಗಳ ಆಪರೇಷನ್) ಎಂದು ಇದಕ್ಕೇ ಬೇರೆ ಓದು ಇದೆ ಎನ್ನುವುದೇ ನನಗೆ ತಿಳಿದಿರಲಿಲ್ಲ. ಲಕ್ನೋದ ಸಂಜಯ್ ಗಾಂಧಿ ಸಂಸ್ಥೆಯಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ ಇದರ ವಿಭಾಗಗಳಿವೆ. ಅಂಥ ಕಡೆ ಕಲಿತವರು ಬೆಂಗಳೂರಿನಲ್ಲೂ ಇದ್ದಾರೆ, ಹುಡುಕಬೇಕು ಅಷ್ಟೆ. ಜಯನಗರದ ಡಾಕ್ಟರಿಗೇ ಫೋನ್ ಮಾಡಿ, "ನಿಮ್ಮ ಅಮ್ಮನಿಗೆ ಆಗಿದ್ದರೆ ಯಾರ ಹತ್ತಿರ ಕಳಿಸ್ತಿದ್ರಿ ಸಾರ್?" ಎಂದು ಕೇಳಿದೆ. ಎರಡು ಕ್ಷಣ ಸುಮ್ಮನಿದ್ದು ಒಂದು ಹೆಸರು ಹೇಳಿದರು. ಮೊದಲ ದಿನವೇ ಹೀಗೆ ಕೇಳಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಆಕೆ ನನಗಿಂತ ಚಿಕ್ಕವರು. ಮೊದಲು ಅವ್ವನ ಜೊತೆ ಹದಿನೈದು ನಿಮಿಷ ಮಾತಾಡಿದರು. ಮನೆಯಲ್ಲಿ ಯಾರ್‍ಯಾರಿದ್ದಾರೆ, ನಿದ್ದೆ ಬರುತ್ತದೆಯೇ, ಹಾಡುವ ಅಭ್ಯಾಸವಿದೆಯೇ. ಮದುವೆ ಮನೆಯಲ್ಲಿ ಸೋಬಾನೆ ಪದ ಹೇಳುತ್ತೇನೆ ಎಂದಳು ಅವ್ವ. "ಹಾಗಿದ್ರೆ ಗಂಟಲ ಪರೀಕ್ಷೆ ಮೊದಲೇ ಮಾಡ್ಸಿಬಿಡೋಣ, ಸ್ವರ ಈಗ ಹೇಗಿದೆ ಅಂತ ನನಗೆ ಗೊತ್ತಿರಬೇಕು" ಎಂದರು. ಆಮೇಲೆ ತಾವೇ ಅಲ್ಟ್ರಾಸೌಂಡ್ ಕಡ್ಡಿ ಹಿಡಿದು ಕುತ್ತಿಗೆಯನ್ನು ಇಂಚಿಂಚೂ ನೋಡಿದರು. ಸ್ಪಷ್ಟವಾಗಿ ಕಾಣುತ್ತಿಲ್ಲ ಎಂದು ಒಪ್ಪಿಕೊಂಡು 4ಡಿ ಸಿಟಿ ಎಂಬ ಇನ್ನೊಂದು ಸ್ಕ್ಯಾನ್ ಬರೆದರು. ಅದರಲ್ಲಿ ಎಡಗಡೆ, ಅನ್ನನಾಳದ ಹಿಂದೆ ಒಂದು ಅನುಮಾನದ ನೆರಳು ಇತ್ತು.

ನಾನು ಚೀಟಿ ತೆಗೆದೆ. ಕೈ ಸ್ವಲ್ಪ ನಡುಗುತ್ತಿತ್ತು. ಮೊದಲ ಪ್ರಶ್ನೆಗೆ, ವಾರಕ್ಕೆ ಒಂದಾದರೂ ಇರುತ್ತದೆ, ಕೆಲವು ವಾರ ಎರಡು ಎಂದರು, ಹೊತ್ತು ಹೇಳುವಷ್ಟೇ ಸಹಜವಾಗಿ. ಎರಡನೆಯದಕ್ಕೆ, ಇದೆ ಎಂದು ವಿವರಿಸಿದರು. ಪಿಟಿಎಚ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಮೂರರಿಂದ ಐದು ನಿಮಿಷಕ್ಕೆ ಅರ್ಧವಾಗುತ್ತದೆ. ಕೆಟ್ಟ ಗ್ರಂಥಿ ತೆಗೆದ ಹತ್ತು ನಿಮಿಷಕ್ಕೆ ರಕ್ತ ತೆಗೆದು ನೋಡಿದಾಗ ಅರ್ಧಕ್ಕಿಂತ ಹೆಚ್ಚು ಇಳಿದಿದ್ದರೆ ಕೆಟ್ಟದ್ದು ಹೊರಗೆ ಬಂದಿದೆ ಎಂದು ಹೇಳಬಹುದು. ಇಳಿಯದಿದ್ದರೆ ಇನ್ನೊಂದು ಎಲ್ಲೋ ಇದೆ, ಕತ್ತು ಮುಚ್ಚುವ ಹಾಗಿಲ್ಲ. ಮೂರನೆಯದಕ್ಕೆ ಅವರು ಒಂದು ಕಾಗದ ತೆಗೆದುಕೊಂಡು ಕುತ್ತಿಗೆಯ ಚಿತ್ರ ಬರೆದು, ಮೊದಲು ಇಲ್ಲಿ, ಸಿಗದಿದ್ದರೆ ಇಲ್ಲಿ, ಆಮೇಲೆ ನಾಲ್ಕೂ ಗ್ರಂಥಿಗಳನ್ನು ಒಂದೊಂದಾಗಿ ನೋಡುತ್ತೇನೆ ಎಂದು ಪೆನ್ನಿನಲ್ಲಿ ದಾರಿ ಎಳೆದರು. ಕೊನೆಗೆ, ನಾನು ಕೇಳದಿದ್ದರೂ, "ಹೋದ ವರ್ಷ ಇಬ್ಬರಿಗೆ ಮೊದಲನೇ ಸಲ ಸಿಗಲಿಲ್ಲ. ಒಬ್ಬರಿಗೆ ಆಮೇಲೆ ಸಿಕ್ತು. ಇನ್ನೊಬ್ಬರಿಗೆ ಇನ್ನೂ ಹುಡುಕ್ತಿದ್ದೀನಿ" ಎಂದರು. ಹೊರಗೆ ಬಂದ ಮೇಲೆ ಅವ್ವ ನನಗಿಂತ ಮೊದಲೇ ಹೇಳಿದಳು: "ಈ ಹುಡುಗಿ ಮಾಡ್ಲಿ."

ಅವರೆಕಾಯಿ ಕಾಲ

ಆಪರೇಷನ್ ಸಂಕ್ರಾಂತಿ ಕಳೆದ ವಾರ. ಹಿಂದಿನ ರಾತ್ರಿ ಆಸ್ಪತ್ರೆಗೆ ಸೇರುವ ಮೊದಲು ಅವ್ವ ಒಂದು ಪಾತ್ರೆ ಅವರೆಕಾಳು ನೆನೆಹಾಕಿ, ನಾನು ಬರೋ ಹೊತ್ತಿಗೆ ಹಿತುಕಿ ಸಾರು ಮಾಡಿಡು ಎಂದಿದ್ದಳು. ಬೆಳಗ್ಗೆ 8ಕ್ಕೆ ಒಳಗೆ ಕರೆದುಕೊಂಡು ಹೋದರು. ನನ್ನ ತಮ್ಮ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ನಾನು ಗೋಡೆ ಗಡಿಯಾರ ನೋಡುತ್ತಾ ಕೂತಿದ್ದೆ. ಹತ್ತು ಗಂಟೆ ಹೊತ್ತಿಗೆ ಡಾಕ್ಟರು ಹೊರಬಂದು, ತೆಗೆದಿದ್ದೇವೆ, ಲ್ಯಾಬಿನಿಂದ ಸಂಖ್ಯೆ ಬರಬೇಕು, ಅಲ್ಲಿಯವರೆಗೂ ಅಮ್ಮನನ್ನು ಎಬ್ಬಿಸುವುದಿಲ್ಲ ಎಂದು ಹೇಳಿ ಮತ್ತೆ ಒಳಗೆ ಹೋದರು. ಆ ಅರ್ಧ ಗಂಟೆ ನಾನು ಮರೆಯುವುದಿಲ್ಲ. ಆಮೇಲೆ ನರ್ಸ್ ಬಂದು ಒಂದು ಚೀಟಿ ತೋರಿಸಿದರು: 186 ಇದ್ದದ್ದು 34.

ಸಣ್ಣ ಬಾಟಲಿಯಲ್ಲಿ ಅದನ್ನು ತೋರಿಸಿದರು. ಕಂದು ಬಣ್ಣ, ನುಣ್ಣಗೆ, ಒಂದು ಬದಿ ಸ್ವಲ್ಪ ಚಪ್ಪಟೆ, ನೆನೆದು ಉಬ್ಬಿದ ಅವರೆಕಾಳಿನಷ್ಟೇ. ಅದನ್ನು ನೋಡಿದಾಗ ಸಿಟ್ಟು ಬರಲಿಲ್ಲ. ಇಷ್ಟು ಪುಟ್ಟದ್ದೇ ಅವ್ವನ ಏಳು ವರ್ಷ ತಿಂದದ್ದು ಎಂದು ಕಣ್ಣು ತುಂಬಿ ಬಂತು.

ಮೂರನೇ ದಿನ ಮನೆಯಲ್ಲಿ ಕೂತು ಉಳಿದ ಕಾಳು ಹಿತುಕುತ್ತಿದ್ದವಳು ಕೈ ನಿಲ್ಲಿಸಿ, ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. "ಇರುವೆ ಹರಿದಂಗೆ ಆಯ್ತದೆ ಕಣವ್ವ. ತುಟಿ ಸುತ್ತಾನೂ." ಡಾಕ್ಟರು ಮೊದಲೇ ಎಚ್ಚರಿಸಿದ್ದರು: ಇಷ್ಟು ವರ್ಷ ಕಳೆದುಕೊಂಡ ಮೂಳೆಗಳು ಈಗ ಹಸಿದು ಕೂತಿವೆ, ರಕ್ತದ ಕ್ಯಾಲ್ಸಿಯಮ್ಮನ್ನು ಗಬಗಬ ಎಳೆದುಕೊಳ್ಳುತ್ತವೆ, ಜುಮ್ಮೆಂದರೆ ತಡಮಾಡದೆ ಫೋನ್ ಮಾಡಿ ಎಂದು. ಪರೀಕ್ಷೆಗೆ ರಕ್ತ ಕೊಟ್ಟರೆ ಕ್ಯಾಲ್ಸಿಯಂ 7.8ಕ್ಕೆ ಇಳಿದಿತ್ತು. ಗುಳಿಗೆ ಹೆಚ್ಚಿಸಿದರು, ಒಂದು ರಾತ್ರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಎರಡು ವಾರಕ್ಕೆ ಹದಕ್ಕೆ ಬಂತು. ಮನೆಗೆ ಬಂದ ಸಂಜೆ ತಾನೇ ಕೇಳಿ ಮುದ್ದೆ ಹಾಕಿಸಿಕೊಂಡಳು. ನುಂಗುವಾಗ ಗಂಟಲು ಹಿಡಿಯುತ್ತದೆ ಎಂದು ಚಿಕ್ಕ ಚಿಕ್ಕ ತುತ್ತು ಮುರಿದಳು.

ಆರು ತಿಂಗಳ ನಂತರವೂ ಕ್ಯಾಲ್ಸಿಯಂ ಸರಿಯಿದ್ದರೆ ಮಾತ್ರ ವಾಸಿಯಾಗಿದೆ ಎನ್ನುತ್ತಾರೆ. ಜುಲೈನಲ್ಲಿ 9.4 ಬಂತು. ಆ ಕಾಗದ ಹಿಡಿದುಕೊಂಡು ನಾವಿಬ್ಬರೂ ಹನುಮಂತನಗರಕ್ಕೆ ಹೋದೆವು. ಅವರು ರಿಪೋರ್ಟನ್ನು ಪಕ್ಕಕ್ಕಿಟ್ಟು ಮೊದಲು ಅವ್ವನನ್ನು ಮಾತಾಡಿಸಿದರು, ಸ್ವರ ಕೇಳಲೆಂದೇ ಇರಬೇಕು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲಿತ್ತು?" ಎಂದರು.

ಎಡಗಡೆ ಮೇಲಿನ ಗ್ರಂಥಿ, ತೂಕಕ್ಕೆ ಜಾರಿ ಕೆಳಗಿಳಿದು ಅನ್ನನಾಳದ ಹಿಂದೆ ಕೂತಿತ್ತಂತೆ ಎಂದೆ. ಅವರು ತಮ್ಮ ಕುತ್ತಿಗೆಯ ಎಡಗಡೆ ಬೆರಳಿಟ್ಟುಕೊಂಡು, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಕೂತರು.

"ನಾನು ಅಲ್ಲಿ ನೋಡ್ತಿರಲಿಲ್ಲಮ್ಮ" ಎಂದರು.

ಅವ್ವ ಚೀಲದಿಂದ ತೆಂಗಿನಕಾಯಿ, ಎಲೆ ಅಡಿಕೆ ತೆಗೆದು ಅವರ ಮೇಜಿನ ಮೇಲಿಟ್ಟಳು.